ಆ್ಯಂಟಿವೈರಸ್ ಯಾವ ಕಂಪ್ಯೂಟರಿಗೆ ಬೇಕು?

ಮ್ಯಾಕ್‌ಗೂ ಲಿನಕ್ಸ್‌ಗೂ ವೈರಸ್ ತಗುಲುವುದಿಲ್ಲ ಎಂಬ ನಂಬಿಕೆ ತಪ್ಪು. 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶ ಸುಮಾರು 6 ಲಕ್ಷ ಮ್ಯಾಕ್‌ಗಳನ್ನು ಹೊಕ್ಕಿತ್ತು. 2016ರ ಮಿರಾಯ್ ಕುತಂತ್ರಾಂಶ ಹಿಡಿದದ್ದು ಲಿನಕ್ಸ್ ಮೇಲೆ ನಡೆಯುವ ಕ್ಯಾಮೆರಾ, ರೂಟರ್‌ಗಳನ್ನು. ವಿಂಡೋಸ್ ಮೇಲೆ ದಾಳಿ ಹೆಚ್ಚು, ಬಳಸುವವರೂ ಹೆಚ್ಚು ಎಂಬುದೇ ಅದಕ್ಕೆ ಮುಖ್ಯ ಕಾರಣ.

ಮಂಗಳೂರಿನ ಬೋಳಾರದಂಥ ಕಡೆ ಸೋಂಕಿಗೆ ಸುಲಭದ ದಾರಿ ಪೆನ್‌ಡ್ರೈವ್. ಅರ್ಜಿಯನ್ನೋ ಆಮಂತ್ರಣ ಪತ್ರಿಕೆಯನ್ನೋ ಮುದ್ರಿಸಲು ಜೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವ್ ಹತ್ತಾರು ಜನರ ಕಡತ ಹಾದುಹೋದ ಕಂಪ್ಯೂಟರಿಗೆ ತಾಗುತ್ತದೆ. ಮನೆಗೆ ಬಂದಾಗ ಫೋಲ್ಡರ್‌ಗಳು ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಕಂಡರೆ ಅದು ವೈರಸ್ಸಿನದೇ ಕೆಲಸ. ಅವುಗಳನ್ನು ಒತ್ತಬಾರದು. ಇಂಥ ವೈರಸ್ ಮ್ಯಾಕನ್ನು ಕೆಡಿಸದಿದ್ದರೂ ಅದರ ಮೂಲಕ ಇನ್ನೊಬ್ಬರ ವಿಂಡೋಸ್ ತಲುಪಬಲ್ಲದು.

ಹಾಗೆಂದು ಎಲ್ಲರೂ ಆ್ಯಂಟಿವೈರಸ್ಸನ್ನು ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ವಿಂಡೋಸ್‌ನ ಜತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು. ಮ್ಯಾಕ್‌ನಲ್ಲಿ ಎಕ್ಸ್‌ಪ್ರೊಟೆಕ್ಟ್ ಇದೆ. ಅಂಗಡಿಯ ಕಂಪ್ಯೂಟರಿಗೆ ಮಾತ್ರ ಹೆಚ್ಚಿನ ಕಾವಲು ಬೇಕು. ಅಪ್‌ಡೇಟ್ ಇನ್ನೂ ಮುಖ್ಯ: 2017ರ ಮೇ ತಿಂಗಳ ವಾನ್ನಾಕ್ರೈ ದಾಳಿಗೆ ಪರಿಹಾರ ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು, ಹಾಕಿಕೊಳ್ಳದವರು ಕಡತ ಕಳೆದುಕೊಂಡರು. ವಿಂಡೋಸ್ 10ಕ್ಕೆ ಅಪ್‌ಡೇಟ್ ಕೊಡುವ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಸಂಚಾರ ದಂಡದ ನೋಟಿಸ್ ಎಂದು ಬರುವ ಎಪಿಕೆ (ಆ್ಯಪ್ ಅನುಸ್ಥಾಪಿಸುವ) ಕಡತವನ್ನು ಫೋನಿನಲ್ಲಿ ತೆರೆಯಲೇಬೇಡಿ. ಅದನ್ನು ತೆರೆದು ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.