ಕೆಲ್ಸೊ ಘಟ್ಟ ಹತ್ತುವ ಮುನ್ನ

ಮಕ್ಕಳೇ, ರೆಕ್ಸ್‌ಡೇಲ್‌ನಲ್ಲಿ ಹತ್ತೋದಕ್ಕೆ ಏನಿದೆ ಹೇಳಿ? ಹಂಬರ್ ನದಿಯ ಕಣಿವೆಗೆ ಇಳಿದು ಮತ್ತೆ ಮೇಲೆ ಬರೋದು ಬಿಟ್ಟರೆ ನಮ್ಮ ಸುತ್ತಮುತ್ತ ಎಲ್ಲಾ ಸಮತಟ್ಟು. ಆದರೆ ಹೈವೇ 401ರಲ್ಲಿ ಪಶ್ಚಿಮಕ್ಕೆ ಹೊರಟು ಮಿಲ್ಟನ್ ದಾಟುವಾಗ ಎಡಗಡೆ ನೋಡಿ. ಕಾಡು ಹೊದ್ದುಕೊಂಡ ದೊಡ್ಡ ಗೋಡೆಯೊಂದು ಎದ್ದು ನಿಂತಿರುತ್ತೆ. ಅದರ ಬುಡದಲ್ಲೇ ಕೆಲ್ಸೊ ಕೆರೆ. ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆಯ ದಾರಿ. (ಟ್ರಾಫಿಕ್ ಇಲ್ಲದ ದಿನ ಯಾವುದು ಅಂತ ಮಾತ್ರ ನನ್ನನ್ನು ಕೇಳಬೇಡಿ.)

ಅದನ್ನು ಬೆಟ್ಟ ಅನ್ನಬೇಡಿ. ಬೆಟ್ಟವಾದರೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬಹುದು. ಇಲ್ಲಿ ಏದುಸಿರು ಬಿಡುತ್ತಾ ಮೇಲೆ ಹೋದರೆ ಮತ್ತೆ ಸಮತಟ್ಟು ನೆಲ, ಹೊಲ, ರಸ್ತೆ! ರಜೆಗೆ ಊರಿಗೆ ಹೋದಾಗ ಉಡುಪಿ ಕಡೆಯಿಂದ ಆಗುಂಬೆಗೆ ಹೋಗಿದ್ದೀರಾ? ಹದಿನಾಲ್ಕು ತಿರುವು ಹತ್ತಿದ ಮೇಲೆ ಆ ಕಡೆ ಇಳಿಯೋದೇ ಇಲ್ಲ, ಮಲೆನಾಡು ಶುರುವಾಗುತ್ತೆ. ಇಂಥದ್ದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವಿದೆ: ಘಟ್ಟ. ನಕ್ಷೆಯಲ್ಲಿ ‘ನಯಾಗರಾ ಎಸ್ಕಾರ್ಪ್‌ಮೆಂಟ್’ ಅಂತ ಇರುವುದು ಇದೇ ಘಟ್ಟ. ನಯಾಗರಾ ಜಲಪಾತ ಧುಮುಕುವುದೂ ಇದರ ಮೇಲಿಂದಲೇ.

ಇದು ಹೇಗಾಯಿತು? ಸುಮಾರು 43 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಬೆಚ್ಚಗಿನ ಸಮುದ್ರವಿತ್ತು. ಕೆಸರು, ಚಿಪ್ಪು, ಹವಳ ಪದರ ಪದರವಾಗಿ ಕೂತು ಕಲ್ಲಾದವು. ಮೇಲಿನ ಪದರ ಡೋಲೊಸ್ಟೋನ್, ಗಟ್ಟಿ. ಕೆಳಗಿನದು ಶೇಲ್, ಮೆತ್ತಗೆ. ಮಳೆ, ಹಿಮ ಸೇರಿ ಕೆಳಗಿನದನ್ನು ಕೊರೆಯುತ್ತಾ ಹೋದ ಹಾಗೆ ಮೇಲಿನದು ಮನೆಯ ಸಜ್ಜದ ತರಹ ಚಾಚಿ ನಿಲ್ಲುತ್ತೆ. ಒಂದು ದಿನ ಮುರಿದು ಬೀಳುತ್ತೆ. ದಾರಿಯುದ್ದಕ್ಕೂ ನೀವು ನೋಡುವ ದೊಡ್ಡ ದೊಡ್ಡ ಬಂಡೆಗಳು ಹಾಗೆ ಬಿದ್ದವೇ.

ಈಗ ಗೊತ್ತಾಯಿತಲ್ಲ, ಅಂಚಿಗೆ ಹೋಗಬೇಡಿ ಅಂತ ದೊಡ್ಡವರು ಯಾಕೆ ಕೂಗುತ್ತಾರೆ ಅಂತ? ಮೇಲಿಂದ ನೋಡಿದರೆ ಗಟ್ಟಿ ನೆಲದ ಹಾಗೇ ಕಾಣುತ್ತೆ. ಕೆಳಗೆ ಏನೂ ಇಲ್ಲದೆ ಇರಬಹುದು. ಬಂಡೆಗಳ ನಡುವೆ ಆಳವಾದ ಬಿರುಕುಗಳೂ ಇವೆ. ಅಕ್ಟೋಬರ್‌ನಲ್ಲಿ ಉದುರಿದ ಎಲೆ ಅವನ್ನು ಮುಚ್ಚಿಬಿಡುತ್ತೆ. ಫೋಟೋಗೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ಹತ್ತುವಾಗ ಓಡಬೇಡಿ. ಸಣ್ಣ ಹೆಜ್ಜೆ ಇಡಿ, ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿದಿರಲಿ. ಇಳಿಯುವುದೇ ನಿಜವಾಗಿ ಕಷ್ಟ: ಕಾಲು ಸುಸ್ತಾಗಿರುತ್ತೆ, ಒದ್ದೆ ಎಲೆ ಜಾರುತ್ತೆ. ಮೊಣಕಾಲು ಸ್ವಲ್ಪ ಮಡಿಸಿ ಇಳಿಯಿರಿ. ಮೂರು ಮೂರು ಎಲೆಯ ಪಾಯ್ಸನ್ ಐವಿ ಕಂಡರೆ ಮುಟ್ಟಬೇಡಿ, ತುರಿಕೆ ಶುರುವಾಗುತ್ತೆ.

ಮೇಲಿಂದ ಉತ್ತರಕ್ಕೆ ತಿರುಗಿದರೆ ಕೆರೆ, ಅದರಾಚೆ 401ರಲ್ಲಿ ಇರುವೆ ಸಾಲಿನಂತೆ ಲಾರಿಗಳು. ನಾನು ‘ಸರೋವರ’ ಅನ್ನದೆ ‘ಕೆರೆ’ ಅಂದದ್ದನ್ನು ಗಮನಿಸಿದಿರಾ? ಒಂಟಾರಿಯೊ ಸರೋವರ ತಾನಾಗಿ ಆದದ್ದು. ಕೆಲ್ಸೊ ಹಾಗಲ್ಲ, ಸಿಕ್ಸ್‌ಟೀನ್ ಮೈಲ್ ಕ್ರೀಕ್‌ಗೆ ಪ್ರವಾಹ ತಡೆಯಲು ಕಟ್ಟೆ ಕಟ್ಟಿದ್ದರಿಂದ ನಿಂತ ನೀರು. ನಮ್ಮೂರಿನಲ್ಲಿ ಏರಿ ಹಾಕಿ ನೀರು ನಿಲ್ಲಿಸಿದರೆ ಕೆರೆ ಅಂತಾರಲ್ಲ, ಹಾಗೆ.

ಇನ್ನೊಂದು ಮಾತು. ಈ ಘಟ್ಟದ ಬಂಡೆಗಳಲ್ಲಿ ಸೊಟ್ಟಗೆ ಬೆಳೆದ ಕುಳ್ಳ ಸೀಡರ್ ಮರಗಳಿವೆ. ಬಹಳ ಕಾಲ ಯಾರೂ ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 1980ರ ದಶಕದ ಕೊನೆಗೆ ಗ್ವೆಲ್ಫ್ ವಿಶ್ವವಿದ್ಯಾಲಯದ ಡಗ್ ಲಾರ್ಸನ್ ಮತ್ತು ಸಂಗಡಿಗರು ಉಂಗುರ ಎಣಿಸಿ ನೋಡಿದಾಗ ಎಷ್ಟೋ ಮರಗಳಿಗೆ ನೂರಾರು ವರ್ಷ, ಕೆಲವಕ್ಕೆ ಸಾವಿರಕ್ಕೂ ಹೆಚ್ಚು! ಶ್ರವಣಬೆಳಗೊಳದ ಗೊಮ್ಮಟನನ್ನು ಕೆತ್ತಿದ ಕಾಲದ ಆಸುಪಾಸಿನಲ್ಲಿ ಮೊಳೆತವು ಅನ್ನಿ. ಬಿರುಕಿನಲ್ಲಿರುವ ಹಿಡಿ ಮಣ್ಣೇ ಅವುಗಳ ಊಟ. ನಾವು ಅಲ್ಲಿ ತುಳಿದರೆ ಅದೂ ಹೋಗುತ್ತೆ. ಆದ್ದರಿಂದ ಗುರುತು ಹಾಕಿದ ದಾರಿಯಲ್ಲೇ ನಡೆಯಿರಿ, ಮರ ಹಿಡಿದು ಜೋತಾಡಬೇಡಿ.

ಅಭ್ಯಾಸ: ಗುಡ್ಡ, ಬೆಟ್ಟ, ಘಟ್ಟ, ದಿಬ್ಬ, ಕಣಿವೆ, ಕಮರಿ. ಇವುಗಳಲ್ಲಿ ಯಾವುದು ಕೆಲ್ಸೊದಲ್ಲಿ ಕಂಡಿತು, ಯಾವುದು ಹಂಬರ್ ದಂಡೆಯಲ್ಲಿ ಕಂಡಿತು? ಒಂದೊಂದಕ್ಕೂ ಒಂದು ವಾಕ್ಯ ಬರೆದು ಮುಂದಿನ ಶನಿವಾರ ತನ್ನಿ. ಅಜ್ಜಿಗೆ ಫೋನ್ ಮಾಡಿ ಅವರ ಊರಿನ ಬೆಟ್ಟದ ಹೆಸರನ್ನೂ ಕೇಳಿಕೊಂಡು ಬನ್ನಿ.