ಕಾಡಿನ ಹೊಗೆಯೂ ಗುಡುಗಿನ ಮೋಡವೂ

ಬಂಡೀಪುರದಂತಹ ಕಾಡುಗಳ ಅಂಚಿನ ಗ್ರಾಮಗಳಲ್ಲಿ ಭರಣಿ ಮಳೆಯ ಕಾಲಕ್ಕೆ ಹೊಗೆಯನ್ನು ಮೋಡವೆಂದೂ ಮೋಡವನ್ನು ಹೊಗೆಯೆಂದೂ ಭ್ರಮಿಸುವುದುಂಟು. ಎರಡನೆಯ ತಪ್ಪೇ ಪ್ರಾಣಾಪಾಯಕರವಾದುದು. ಕಾಡುಕಿಚ್ಚಿನ ಹೊಗೆಯು ಬೆಳಗಿನ ಹೊತ್ತು ತಗ್ಗುಗಳಲ್ಲಿ ನಿಂತು ಸೂರ್ಯನನ್ನು ಕೆಂಪಗೆ ತೋರಿಸುವುದು. ಗುಡುಗಿನ ಮೋಡವಾದರೋ ಮಧ್ಯಾಹ್ನದ ಸೆಕೆಯೇರಿದ ಮೇಲೆ ಹೂಕೋಸಿನಂತೆ ಉಬ್ಬುಬ್ಬಿ ಮೇಲೇಳುವುದು. ಅದರ ಅಡಿಯು ಕಪ್ಪಾಗುವುದು.

ಮಿಂಚು ಕಂಡೊಡನೆ ಎಣಿಸತೊಡಗಿ, ಗುಡುಗು ಕೇಳುವವರೆಗಿನ ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರಿನಂತೆ ದೂರವನ್ನು ತಿಳಿಯಬಹುದು. ಎಣಿಕೆಯು 30ಕ್ಕೆ ಇಳಿದರೆ ಉಳುಮೆಯನ್ನು ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ, ಗಟ್ಟಿಯಾದ ಮನೆಯನ್ನು ಸೇರತಕ್ಕದ್ದು, ಮರದಡಿ ನಿಲ್ಲಕೂಡದು. ಹೊಗೆ ಕವಿದ ದಿನ ಮಿಂಚು ಕಾಣದೆ ಎಣಿಕೆಯು ಸಾಗದು. ಆಗ ಗುಡುಗು ಕೇಳಿದುದೇ ಸಾಕು. ಕಡೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಆಳುಗಳನ್ನು ಹೊಲಕ್ಕೆ ಇಳಿಸಕೂಡದು. ಹದ ಆರಿಹೋದೀತೆಂದು ಅವಸರಪಡಿಸುವ ಯಜಮಾನರುಂಟು. ಅರ್ಧ ಗಂಟೆಯಲ್ಲಿ ಹದವು ಆರದು.