ಆಸ್ಪತ್ರೆಯ ಬಿಲ್ಲಿಗಿಂತ ಮೊದಲು ಬಚ್ಚಲಮನೆಯ ಹಿಡಿಕೆ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದು ನಾಲ್ಕು ವರ್ಷವಾಯಿತು. ಹಿರಿಯರ ಅರ್ಜಿಗಳಲ್ಲಿ ಮತ್ತೆ ಮತ್ತೆ ಒಂದೇ ಮಾತು ಕಾಣುತ್ತದೆ: ಬಚ್ಚಲಲ್ಲಿ ಜಾರಿದರು, ಸೊಂಟದ ಮೂಳೆ ಮುರಿಯಿತು.

ಇದು ನಮ್ಮ ಮನೆಯ ಕಥೆಯೂ ಹೌದು. 2016ರಲ್ಲಿ 78 ವರ್ಷದ ನಮ್ಮ ತಾಯಿ ಹೀಗೆಯೇ ಬಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ತಪ್ಪಿದ್ದು ನಾವು. "ಅಮ್ಮಾ, ನೀನು ಏಳಬೇಡ" ಎಂದು ಊಟ, ನೀರು, ಬಾಚಣಿಗೆ ಎಲ್ಲವನ್ನೂ ಮಂಚದ ಹತ್ತಿರವೇ ಕೊಟ್ಟೆವು. ಆರು ತಿಂಗಳಲ್ಲಿ ಕಾಲಿನ ಶಕ್ತಿ ಪೂರ್ತಿ ಹೋಯಿತು. ಉಳಿದ ಎರಡು ವರ್ಷ ಅವರು ಮಂಚ ಬಿಟ್ಟು ಇಳಿಯಲಿಲ್ಲ. ಪ್ರೀತಿಯಿಂದ ಮಾಡಿದ್ದೇ ಅವರನ್ನು ಪರಾವಲಂಬಿಯಾಗಿಸಿತು ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ವೃದ್ಧಾಪ್ಯದ ಅಂಗವೈಕಲ್ಯ ಎಂದರೆ ಕಾಯಿಲೆಯ ಹೆಸರಲ್ಲ. ಸ್ನಾನ, ಬಟ್ಟೆ ತೊಡುವುದು, ಊಟ, ಶೌಚ, ಹಾಸಿಗೆಯಿಂದ ಏಳುವುದು, ಕೋಣೆ ದಾಟಿ ನಡೆಯುವುದು: ಇವನ್ನು ಸ್ವಂತ ಮಾಡಿಕೊಳ್ಳಲು ಆಗದಿರುವುದು. 2017-18ರ ಭಾರತೀಯ ವೃದ್ಧಾಪ್ಯ ಸಮೀಕ್ಷೆಯ ಪ್ರಕಾರ 60 ದಾಟಿದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಒಂದಾದರೂ ಕೆಲಸ ಕಷ್ಟ.

ಇದಕ್ಕೆ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯವರು 'ಕೇಪಬಲ್' ಎಂಬ ಕ್ರಮ ರೂಪಿಸಿದರು. ಸುಮಾರು ಐದು ತಿಂಗಳ ಅವಧಿಯಲ್ಲಿ ಒಬ್ಬ ನರ್ಸ್, ದಿನನಿತ್ಯದ ಕೆಲಸಗಳ ತರಬೇತಿ ಕೊಡುವ ಒಬ್ಬ ಚಿಕಿತ್ಸಕ ಮತ್ತು ಒಬ್ಬ ರಿಪೇರಿ ಕೆಲಸಗಾರ ಮನೆಗೇ ಬರುತ್ತಾರೆ. "ನಿಮಗೆ ಏನು ಕಾಯಿಲೆ?" ಎಂಬುದಕ್ಕಿಂತ "ನಿಮಗೆ ಏನು ಮಾಡಿಕೊಳ್ಳಬೇಕೆನಿಸುತ್ತದೆ?" ಎಂಬುದೇ ಅವರಿಗೆ ಮುಖ್ಯ. ಬಡ ಹಿರಿಯರ ಒಂದು ಗುಂಪಿನಲ್ಲಿ ಎಂಟು ದಿನನಿತ್ಯದ ಕೆಲಸಗಳ ಪೈಕಿ ಕಷ್ಟವಾಗುತ್ತಿದ್ದವು ಸರಾಸರಿ 3.9ರಿಂದ 2ಕ್ಕೆ ಇಳಿದವು. ತಲಾ ಖರ್ಚು ಸುಮಾರು 3,000 ಡಾಲರ್. ಅಲ್ಲಿಯ ಆಸ್ಪತ್ರೆ ವೆಚ್ಚದ ಮುಂದೆ ಇದು ಚಿಲ್ಲರೆ.

ನ್ಯೂಜಿಲೆಂಡಿನ ಒಟಾಗೊ ವ್ಯಾಯಾಮ ಕ್ರಮ ಇನ್ನೂ ಸರಳ. ಕಾಲಿನ ಬಲ ಮತ್ತು ಸಮತೋಲನಕ್ಕೆ ವಾರಕ್ಕೆ ಮೂರು ಸಲ, ಅರ್ಧ ಗಂಟೆ, ಮನೆಯಲ್ಲೇ ವ್ಯಾಯಾಮ; ಜೊತೆಗೆ ನಡಿಗೆ. ಬೀಳುವುದು ಶೇ. 35ರಷ್ಟು ಕಡಿಮೆಯಾಯಿತು. ಹೆಚ್ಚು ಪ್ರಯೋಜನ ಕಂಡವರು 80 ದಾಟಿದವರು.

ನಮ್ಮಲ್ಲಿ? 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮನೆಭೇಟಿಯ ಮಾತಿದೆ. 2024ರ ಅಕ್ಟೋಬರ್‌ನಿಂದ 70 ದಾಟಿದವರಿಗೆ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯೂ ಇದೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಬೀಳದಂತೆ ಗೋಡೆಗೆ ಹಾಕಿಸುವ ಹಿಡಿಕೆಗೆ ಯಾವ ವಿಮೆಯೂ ಹಣ ಕೊಡುವುದಿಲ್ಲ. ನಿಧಿ ತುಂಬಬೇಕಾದ ಜಾಗ ಇದೇ ಎಂಬುದು ನನ್ನ ಲೆಕ್ಕ.

ಮಲ್ಕಾಜ್‌ಗಿರಿಯ ಹಳೆಯ ಮನೆಗಳು ನಮಗೆಲ್ಲ ಗೊತ್ತು: ಎತ್ತರದ ಹೊಸ್ತಿಲು, ನುಣುಪು ಟೈಲ್ಸ್, ಲಿಫ್ಟ್ ಇಲ್ಲದ ಮಹಡಿ, ಬೇರೆ ಊರಲ್ಲಿರುವ ಮಕ್ಕಳು. ನನ್ನ ಮನೆಯವರಿಗೆ ಮಂಡಿನೋವು ಶುರುವಾದಾಗ ಈ ಸಲ ಬೇಗ ಎಚ್ಚೆತ್ತೆ. ಕಮೋಡ್ ಪಕ್ಕ ಮತ್ತು ನಲ್ಲಿಯ ಹತ್ತಿರ ಎರಡು ಸ್ಟೀಲ್ ಹಿಡಿಕೆ, ಸ್ನಾನಕ್ಕೆ ಎತ್ತರದ ಪ್ಲಾಸ್ಟಿಕ್ ಸ್ಟೂಲು, ರಾತ್ರಿ ದೀಪ. ಕೂಲಿ ಸೇರಿ ಮೂರು ಸಾವಿರ ದಾಟಲಿಲ್ಲ. ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಅವರು ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಎದ್ದು ಕೂರುತ್ತಾರೆ. ಒಗ್ಗರಣೆ ಹಾಕುವುದು ಇಂದಿಗೂ ಅವರೇ. ನಾನು ಬೇಡ ಎನ್ನುವುದಿಲ್ಲ.

ಇಂದು ಸಂಜೆ ನಿಮ್ಮ ಮನೆಯ ಹಿರಿಯರನ್ನು ಕೇಳಿ: ಯಾವ ಕೆಲಸ ಕಷ್ಟವಾಗುತ್ತಿದೆ? ಉತ್ತರ ಬರೆದುಕೊಳ್ಳಿ. ತಲೆಸುತ್ತು ತರುವ ಮಾತ್ರೆಗಳಿವೆಯೇ ಎಂದು ವೈದ್ಯರನ್ನು ವಿಚಾರಿಸಿ. ವ್ಯಾಯಾಮವನ್ನೂ ಅವರನ್ನು ಕೇಳಿಯೇ ಶುರು ಮಾಡಿ.

ಈ ವರ್ಷ ನಿಧಿಯ ಒಂದು ಭಾಗವನ್ನು ಹಿಡಿಕೆ, ವಾಕರ್, ಮನೆಗೆ ಬರುವ ಫಿಸಿಯೋಥೆರಪಿಗೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯ ಮುಂದೆ ಕೋರಿದ್ದೇನೆ. ಸಾವಿರ ರೂಪಾಯಿ ಕೊಡುವವರೂ ಒಂದು ಬಚ್ಚಲಮನೆಗೆ ಹಿಡಿಕೆ ಹಾಕಿಸಿದಂತೆ. ಯಥಾಶಕ್ತಿ ಕೊಡಿ, ಬೇಕಾದವರು ಸಂಕೋಚ ಬಿಟ್ಟು ಅರ್ಜಿ ಹಾಕಿ. ಬಿದ್ದ ಮೇಲೆ ಅಲ್ಲ, ಈಗಲೇ.